ಕಿರಿದಾಗುವ ಅಕ್ಷರಗಳ ಕುರಿತು ಮಲ್ಲಪ್ಪನಿಗೆ

ಪ್ರಿಯ ಗೆಳೆಯ ಮಲ್ಲಪ್ಪನಿಗೆ, ವಿಜಯಪುರದಿಂದ ನಮಸ್ಕಾರಗಳು.

ಬಾಗಲಕೋಟೆಯಿಂದ ನೀನು ಬರೆದ ಪತ್ರ ತಲುಪಿತು. ಕೈಬರಹ ಕೆಟ್ಟಿರುವುದರಿಂದ ಇನ್ನು ಮುಂದೆ ಫೋನಿನಲ್ಲಿಯೇ ಮಾತನಾಡೋಣ ಎಂದಿದ್ದೀಯಲ್ಲ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಪ್ರತಿ ಸಾಲಿನ ಮೊದಲ ಎರಡು ಮೂರು ಪದಗಳು ನಿನ್ನ ಹಳೆಯ ದುಂಡನೆಯ ಬರಹದಂತೆಯೇ ಇವೆ. ಸಾಲು ಬಲಕ್ಕೆ ಸರಿದಂತೆ ಅಕ್ಷರಗಳು ಕುಗ್ಗುತ್ತ, ಒಂದಕ್ಕೊಂದು ಇಕ್ಕಟ್ಟಾಗುತ್ತ, ಕೊನೆಗೆ ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ‘ಅಪ್ಪ’ ಯಾವುದು, ‘ಅವ್ವ’ ಯಾವುದು ತಿಳಿಯದಂತಾಗಿದೆ.

ನಿನಗಿರುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಅಕ್ಷರ ಹೀಗೆ ಕಿರಿದಾಗುವುದನ್ನು ವೈದ್ಯರು ಮೈಕ್ರೋಗ್ರಾಫಿಯಾ ಎನ್ನುತ್ತಾರೆ. ಮಿದುಳಿನಲ್ಲಿ ಚಲನೆಗೆ ನೆರವಾಗುವ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಶಿಸಿದಾಗ, ರೂಢಿಯಿಂದ ತಾನಾಗಿ ನಡೆಯುತ್ತಿದ್ದ ಚಲನೆಗಳ ಅಳತೆ ಕುಗ್ಗುತ್ತದೆ. ಹೆಜ್ಜೆ ಗಿಡ್ಡವಾಗುವುದು, ದನಿ ಸಣ್ಣದಾಗುವುದು, ಅಕ್ಷರ ಕಿರಿದಾಗುವುದು ಎಲ್ಲವೂ ಒಂದೇ ಮೂಲದವು. ಕೆಲವರಲ್ಲಿ ಕೈನಡುಕಕ್ಕಿಂತ ಮೊದಲೇ ಇದು ಕಾಣಿಸಿಕೊಳ್ಳುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸುವಾಗಲೇ ಬರೆಯುವ ಕಷ್ಟವನ್ನೂ ಹೇಳಿದ್ದ. ಆದ್ದರಿಂದ ನಿನ್ನ ಮಗ ಇದನ್ನು ಅಲಕ್ಷ್ಯವೆಂದು ತಿಳಿದಿದ್ದರೆ ಈ ಪತ್ರವನ್ನು ಅವನಿಗೂ ಓದಿಸು.

ಗೆರೆಯಿಲ್ಲದ ಬಿಳಿ ಹಾಳೆಯನ್ನು ಮೊದಲು ಬಿಡು. ಮಕ್ಕಳ ಎರಡು ಗೆರೆಯ ಕಾಪಿ ಪುಸ್ತಕ ತರಿಸಿ, ಪ್ರತಿ ಅಕ್ಷರವೂ ಮೇಲಿನ ಗೆರೆಯನ್ನೂ ಕೆಳಗಿನ ಗೆರೆಯನ್ನೂ ಮುಟ್ಟುವಂತೆ ಬರೆ. ಒತ್ತಕ್ಷರಕ್ಕೆ ಕೆಳಗೆ ಒಂದು ಸಾಲು ಖಾಲಿ ಬಿಡು. ಕಣ್ಣಿಗೆ ಗುರಿ ಸಿಕ್ಕಾಗ ಕೈ ರೂಢಿಯ ದಾರಿ ಬಿಟ್ಟು ಗಮನದ ದಾರಿ ಹಿಡಿಯುತ್ತದೆ, ಹಾಗಾಗಿ ಗಾತ್ರ ಅನೇಕರಲ್ಲಿ ತಕ್ಷಣವೇ ಸುಧಾರಿಸುತ್ತದೆ. ಬರೆಯುತ್ತಲೇ ಮಾತನಾಡಿದರೆ ಮತ್ತೆ ಕುಗ್ಗುತ್ತದೆ, ನಿನಗೆ ಅದೇ ಕಷ್ಟ, ಬಲ್ಲೆ. ದಪ್ಪ ಹಿಡಿಕೆಯ ಪೆನ್ನು ಕೆಲವರಿಗೆ ಅನುಕೂಲ. ಡೋಪಮಿನ್ ಕೊರತೆಯನ್ನು ತುಂಬುವ ಲೆವೊಡೋಪಾ ಮಾತ್ರೆಯ ಪರಿಣಾಮ ಚೆನ್ನಾಗಿರುವ ಹೊತ್ತಿನಲ್ಲಿ ಬರೆಯಲು ಕುಳಿತುಕೊ. ಮಾತ್ರೆಯ ಪ್ರಮಾಣವನ್ನು ಮಾತ್ರ ವೈದ್ಯರನ್ನು ಕೇಳದೆ ಬದಲಿಸಬೇಡ.

ಪಿಂಚಣಿಯ ಚೆಕ್ಕು ಸಹಿ ಹೊಂದದೆ ಮರಳಿತೆಂದು ಬರೆದಿದ್ದೀಯಲ್ಲ. ಹಳೆಯ ಸಹಿಯನ್ನು ಅನುಕರಿಸುತ್ತ ಕೂರುವುದು ವ್ಯರ್ಥ. ಶಾಖೆಗೆ ಹೋಗಿ ಈಗಿನ ಸಹಿಯ ಮಾದರಿಯನ್ನು ಹೊಸದಾಗಿ ಕೊಡು. ಮುಂದೆ ಸಹಿಯೇ ಆಗದ ಸ್ಥಿತಿ ಬಂದರೆ, ವೃದ್ಧ ಹಾಗೂ ಅನಾರೋಗ್ಯಪೀಡಿತ ಖಾತೆದಾರರು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ಸೂಚನೆಯಲ್ಲಿ ಅವಕಾಶವಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ಆ ಶಾಖೆಯವರು ಇದನ್ನು ಒಪ್ಪದಿದ್ದರೆ ತಿಳಿಸು, ನಾನೇ ಬಂದು ನಿನ್ನೊಡನೆ ಕುಳಿತು ಅರ್ಜಿ ಬರೆದುಕೊಡುತ್ತೇನೆ.

ಇತಿ ನಿನ್ನ ಗೆಳೆಯ