ಬಾಲವಾಡಿಗೆ 20 ಕಂಪ್ಯೂಟರ್ ಬೇಡ, ಎರಡು ಸಾಕು: ನಮ್ಮ ನಗರಸೇವಕರಿಗೆ ಒಂದು ಬಹಿರಂಗ ಪತ್ರ

ನಮ್ಮ ವಾರ್ಡಿನ ಮಾನ್ಯ ನಗರಸೇವಕರಿಗೆ (ಕಾರ್ಪೊರೇಟರ್) ನಮಸ್ಕಾರ.

ಸ್ಟೇಷನ್ ಪಕ್ಕದ ನಿಮ್ಮ ಬ್ಯಾನರ್ ನೋಡಿದೆ. ವಾರ್ಡಿನ ಪ್ರತಿ ಬಾಲವಾಡಿಗೂ 20 ಕಂಪ್ಯೂಟರ್, ಎ.ಸಿ. ಕೋಣೆ, ಮೂರನೇ ವರ್ಷದಿಂದಲೇ ಕಲಿಕೆ ಎಂದಿದೆ. ಪ್ರಚಾರದ ಹೊತ್ತಿನಲ್ಲಿ ಮುಂಬೈಯ ನಮ್ಮ ಕನ್ನಡ ಸಂಘದ ಹಾಲ್‌ಗೆ ಬಂದು ಕನ್ನಡದಲ್ಲೇ ಮಾತಾಡಿದ್ದಿರಿ. ಹಾಗಾಗಿ ನಾನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಬಜಾರಿನಿಂದ ಸಾಮಾನು ತಂದು ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಮಷೀನ್ ಜಾಸ್ತಿ ಬಂದರೆ ನನಗೇ ಲಾಭ. ಆದರೂ ಹೇಳುತ್ತೇನೆ, ಎರಡು ಸಾಕು. ಉಳಿದ ದುಡ್ಡು ಬಾಲವಾಡಿ ಟೀಚರ್ ಕಡೆ ಹೋಗಲಿ.

ನಾಲ್ಕು ವರ್ಷದ ಮಗುವನ್ನು ಮೌಸ್ ಮುಂದೆ ಕೂರಿಸಿ ನೋಡಿದ್ದೀರಾ? ಮೌಸ್ ಅದರ ಕೈಗೆ ಕೂರುವುದಿಲ್ಲ. ಡಬಲ್ ಕ್ಲಿಕ್ ಅಂತೂ ಆಗುವುದೇ ಇಲ್ಲ, ಎರಡನೇ ಸಲ ಒತ್ತುವಷ್ಟರಲ್ಲಿ ಬಾಣ ಎಲ್ಲೋ ಓಡಿಹೋಗಿರುತ್ತದೆ. ಕೀಬೋರ್ಡ್ ತುಂಬಾ ಇಂಗ್ಲಿಷಿನ ದೊಡ್ಡಕ್ಷರ. ಕುರ್ಚಿ ದೊಡ್ಡವರದ್ದು, ಕಾಲು ನೆಲ ಮುಟ್ಟುವುದಿಲ್ಲ. ಸ್ವಲ್ಪ ಹೊತ್ತಿಗೆ ಮಗು ಕೆಳಗಿಳಿದು ಮೇಜಿನಡಿ ವಯರ್ ಎಳೆಯುತ್ತಾ ಕೂತಿರುತ್ತದೆ. 20 ಮಕ್ಕಳು ಹೀಗೆ ಇಳಿದರೆ ಒಬ್ಬ ಟೀಚರ್ ಏನು ಮಾಡಬೇಕು, ಹೇಳಿ?

1998ರಲ್ಲಿ ಐಬಿಎಂ ಕಂಪನಿ ಕಿಡ್‌ಸ್ಮಾರ್ಟ್ ಎಂಬ ಕಾರ್ಯಕ್ರಮ ಶುರು ಮಾಡಿತು. ಭಾರತಕ್ಕೂ ಅದು ಬಂದಿತ್ತು. ಶಾಲೆಗೆ ಹೋಗುವ ಮುಂಚಿನ ಮಕ್ಕಳಿಗೆಂದೇ ಬಣ್ಣದ ಪ್ಲಾಸ್ಟಿಕ್ ಗೂಡಿನಲ್ಲಿ ಕೂರಿಸಿದ ಕಂಪ್ಯೂಟರ್ ಅದು. ನನಗೆ ಮೆಚ್ಚುಗೆಯಾಗಿದ್ದು ಅದರ ಬೆಂಚು. ಇಬ್ಬರು ಮಕ್ಕಳು ಒತ್ತೊತ್ತಾಗಿ ಕೂರಬಹುದಿತ್ತು. ಒಬ್ಬ ಒತ್ತುತ್ತಾನೆ, ಪಕ್ಕದವಳು "ಏ, ಅದಲ್ಲ, ಇದು" ಅನ್ನುತ್ತಾಳೆ. ಆ ಕಿತ್ತಾಟದಲ್ಲೇ ಮಾತು ಬೆಳೆಯುತ್ತದೆ. ತಲೆಗೊಂದು ಮಷೀನ್ ಕೊಟ್ಟರೆ ಅದೂ ಹೋಯಿತು.

ಹೊತ್ತಿನ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡರಿಂದ ನಾಲ್ಕು ವರ್ಷದವರೆಗಿನ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ದಾಟಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು. ಓಡಾಟ, ಆಟಕ್ಕಾದರೆ ದಿನಕ್ಕೆ ಕನಿಷ್ಠ 180 ನಿಮಿಷ ಬೇಕು. ನಮ್ಮ ಚಾಳಿನ (ವಠಾರದ) ಮಕ್ಕಳು ಆ ಒಂದು ಗಂಟೆಯನ್ನು ಮನೆಯಲ್ಲಿ ಅಮ್ಮನ ಮೊಬೈಲ್‌ನಲ್ಲೇ ಮುಗಿಸಿರುತ್ತಾರೆ. ಜಾಗ ಇಲ್ಲದ ಈ ಊರಲ್ಲಿ ಅವರಿಗೆ ಓಡಲು ಇರುವುದು ಬಾಲವಾಡಿಯ ಅಂಗಳ ಒಂದೇ. ಕಂಪ್ಯೂಟರ್ ಕೋಣೆಗೆ ಅದನ್ನೇ ಮುಚ್ಚಿಸುತ್ತೀರಂತೆ. ದಯವಿಟ್ಟು ಬೇಡ.

ಹಾಗಾದರೆ ಎರಡಾದರೂ ಯಾಕೆ? ನಮ್ಮ ಕಡೆಯ ಮಕ್ಕಳಿಗಾಗಿ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಬಾಲವಾಡಿಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಕನ್ನಡ ಅಥವಾ ಲಂಬಾಣಿ, ಟೀಚರ್‌ದು ಮರಾಠಿ. ಇಲ್ಲಿ ಕಂಪ್ಯೂಟರ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಅಜ್ಜಿ ಹೇಳಿದ ಕಥೆ ರೆಕಾರ್ಡ್ ಮಾಡಿ ಹಾಕಬಹುದು. ಮಗು ಬಿಡಿಸಿದ ಚಿತ್ರದ ಫೋಟೊ ತೋರಿಸಿ, ಅದರ ಬಗ್ಗೆ ಅದರದ್ದೇ ಭಾಷೆಯಲ್ಲಿ ಹೇಳಿಸಿ, ಆ ದನಿಯನ್ನು ಎಲ್ಲರಿಗೂ ಕೇಳಿಸಬಹುದು. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಮೈಕು, ಸ್ಪೀಕರು, ಪಕ್ಕದಲ್ಲಿ ಕೂರುವ ಒಬ್ಬ ಟೀಚರ್ ಸಾಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷವನ್ನು ಬುನಾದಿ ಹಂತ ಎಂದು ಕರೆದು, ಆಟದ ಕಲಿಕೆಗೂ ಮನೆಮಾತಿಗೂ ಒತ್ತು ಕೊಟ್ಟಿದೆ.

ಪಶ್ಚಿಮ ರೈಲ್ವೆಯಲ್ಲಿ ಡಹಾಣು ದಾಟಿದರೆ ಬೋರ್ಡಿ ಎಂಬ ಊರು ಸಿಗುತ್ತದೆ. ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ 1945ರಲ್ಲಿ ಹಳ್ಳಿ ಮಕ್ಕಳ ಶಿಕ್ಷಣದ ಕೆಲಸ ಶುರು ಮಾಡಿದ್ದು ಅಲ್ಲೇ. ಅನುತಾಯಿ ವಾಘ್ ಜೊತೆಗಿದ್ದರು. ದುಬಾರಿ ಮಾಂಟೆಸ್ಸರಿ ಸಾಮಾನಿನ ಬದಲು ಚಿಪ್ಪು, ಬೀಜ, ಎಲೆಗಳಲ್ಲೇ ಎಣಿಕೆ ಕಲಿಸಿದರು. ಬಾಲವಾಡಿ, ಅಂಗನವಾಡಿ ಎಂದು ಇವತ್ತು ನಾವು ನಡೆಸುತ್ತಿರುವುದರ ಬೇರು ಅಂಥ ಕಡೆ ಇದೆ. ಆಗಲೂ ಜಾಸ್ತಿ ಶ್ರಮ ಹಾಕಿದ್ದು ಕಲಿಸುವವರನ್ನು ತಯಾರು ಮಾಡುವುದಕ್ಕೆ.

ಇನ್ನು ನನ್ನ ಕಸುಬಿನ ಮಾತು. ಮುಂಬೈ ಗಾಳಿಯಲ್ಲಿ ಉಪ್ಪಿದೆ. ಮಳೆಗಾಲದಲ್ಲಿ ವಯರ್ ಚುಚ್ಚುವ ಪೋರ್ಟುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಕೈಕೊಡುತ್ತದೆ. ಒಂದು ಶಾಲೆಗೆ ನನ್ನನ್ನು ಕರೆಸಿದ್ದರು. ಸಾಲಾಗಿ ಮಷೀನ್, ಮೇಲೆ ಪ್ಲಾಸ್ಟಿಕ್ ಹೊದಿಕೆ, ಉದ್ಘಾಟನೆಯ ರಿಬ್ಬನ್ ಇನ್ನೂ ನೇತಾಡುತ್ತಿತ್ತು. ಖರೀದಿಗೆ ದುಡ್ಡು ಸಿಕ್ಕಿತ್ತು, ರಿಪೇರಿಗೆ ಬಜೆಟ್ಟೇ ಇರಲಿಲ್ಲ.

ಟೆಂಡರ್ ಕರೆಯುವ ಮೊದಲು ಐದು ವರ್ಷದ ರಿಪೇರಿ ಖರ್ಚನ್ನು ಅದರಲ್ಲೇ ಸೇರಿಸಿ. ಸ್ವಿಚ್ ಬೋರ್ಡ್ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿರಲಿ. ಮೌಸ್ ಬದಲು ಟಚ್ ಪರದೆ ಇರಲಿ, ಮೇಜು ಮಕ್ಕಳ ಎತ್ತರದ್ದಿರಲಿ. ಬಾಲವಾಡಿ ಟೀಚರ್‌ಗಳಿಗೆ ಸಂಬಳ ಕೊಟ್ಟು ತರಬೇತಿ ಕೊಡಿ, ಭಾನುವಾರ ಪುಕ್ಕಟೆ ಕರೆಸಬೇಡಿ. ಅವರ ಗೌರವಧನ ಎಷ್ಟು ಅಂತ ನಿಮಗೆ ಗೊತ್ತೇ ಇದೆ. ಟೆಂಡರಿನ ಕರಡು ಸಂಘದ ಆಫೀಸಿಗೆ ಕಳಿಸಿದರೆ ನಾನು ಓದಿ, ತಪ್ಪಿದ್ದಲ್ಲಿ ಗುರುತು ಹಾಕಿ ಕೊಡುತ್ತೇನೆ. ಫೀಸು ಬೇಡ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ, ಕಂಪ್ಯೂಟರ್ ರಿಪೇರಿಯವನು
ಮುಂಬೈ