ಹಗ್ಗ ಹಿಡಿಯುವವರು ಸಾಲುತ್ತಿಲ್ಲ, ಅಪ್ಪ

ಮ್ಯಾಂಚೆಸ್ಟರ್
ಡಿಸೆಂಬರ್ 14

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಶಾರದಾ ಮಾಡುವ ನಮಸ್ಕಾರಗಳು.

ಎರಡು ವಾರದಿಂದ ಫೋನ್ ಮಾಡಲು ಆಗಿಲ್ಲ. ಅವ್ವ ಬೇಜಾರು ಮಾಡಿಕೊಂಡಿರಬೇಕು. ಇಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಪ್ಯಾಂಟೊಮೈಮ್ ಅಂತ ನಾಟಕ ಆಡುತ್ತಾರೆ. ಹಾಡು, ಹಾಸ್ಯ, ಝಗಮಗ ಸೀನರಿ, ಎಲ್ಲ ನಮ್ಮ ಕಂಪನಿ ನಾಟಕದ ಥರಾನೇ. ದಿನಕ್ಕೆ ಎರಡು ಆಟ. ಪರದೆ, ಸೀನರಿ ಏರಿಸಿ ಇಳಿಸುವುದೇ ನಮ್ಮ ಕೆಲಸ. ಮೇಲೆ ಅಟ್ಟದಲ್ಲಿ ಅದರ ಹಗ್ಗ ಎಳೆಯಲು ನಾಲ್ಕು ಜನ ಬೇಕು, ಇರುವುದು ಮೂವರು. ರಜೆ ಕೇಳಲು ಬಾಯಿ ಬರುವುದಿಲ್ಲ.

ಕೆಲಸ ಬಲ್ಲವರು ಸಿಗುತ್ತಿಲ್ಲ ಅಪ್ಪ. ಕೊರೊನಾ ಬಂದು 2020ರ ಮಾರ್ಚ್‌ನಲ್ಲಿ ಥಿಯೇಟರ್‌ಗಳು ಮುಚ್ಚಿದವಲ್ಲ, ಇಂಗ್ಲೆಂಡಿನಲ್ಲಿ ಸೀಟೆಲ್ಲ ತುಂಬಿಸಿ ಆಡಲು ಮತ್ತೆ ಬಿಟ್ಟಿದ್ದು 2021ರ ಜುಲೈನಲ್ಲಿ. ಕಾಯಂ ನೌಕರರ ಸಂಬಳಕ್ಕೆ ಸರ್ಕಾರ ನೆರವು ಕೊಟ್ಟಿತು. ಆದರೆ ಸ್ಟೇಜಿನ ಹಿಂದೆ ದುಡಿಯುವವರು ಎಷ್ಟೋ ಜನ ಒಂದೊಂದು ನಾಟಕಕ್ಕೆ ಅಂತ ಬರುವವರು. ಅವರಲ್ಲಿ ಸುಮಾರು ಜನರ ಕೈಗೆ ಏನೂ ಬರಲಿಲ್ಲ. ವ್ಯಾನ್ ಓಡಿಸಿದರು, ವೈರಿಂಗ್ ಕೆಲಸಕ್ಕೆ ಹೋದರು. ಸಿನಿಮಾ ಸ್ಟುಡಿಯೋಗಳು ಜಾಸ್ತಿ ದುಡ್ಡು ಕೊಟ್ಟು ಕರೆದುಕೊಂಡವು. ಯುರೋಪಿನಿಂದ ಬರುತ್ತಿದ್ದವರಿಗೆ ಈಗ ವೀಸಾ ಬೇಕು. ಹೋದವರನ್ನು ನಾನು ಬೈಯಲಾರೆ. ಕೊನೆ ಆಟ ಮುಗಿದ ರಾತ್ರಿಯೇ ಸೆಟ್ ಬಿಚ್ಚಿ ಲಾರಿಗೆ ತುಂಬಬೇಕು. ಮನೆ ಸೇರುವಷ್ಟರಲ್ಲಿ ಬೆಳಗಿನ ಜಾವ. ಆ ಪಾಡು ನಿಮಗೆ ಗೊತ್ತು.

ಹೋದ ತಿಂಗಳು ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಇಲ್ಲಿ ಪರದೆಯನ್ನು ಉದ್ದನೆಯ ಪೈಪಿಗೆ ಕಟ್ಟುತ್ತಾರೆ. ಅದಕ್ಕೆ ಸರಿದೂಗುವಂತೆ ಗೋಡೆ ಪಕ್ಕದ ಚೌಕಟ್ಟಿನಲ್ಲಿ ಕಬ್ಬಿಣದ ತೂಕ ಪೇರಿಸುತ್ತಾರೆ. ಅದಕ್ಕೇ 200 ಕೆ.ಜಿ. ಸೀನರಿಯನ್ನೂ ನಾನೊಬ್ಬಳೇ ಎಳೆಯಬಲ್ಲೆ. ಆದರೆ ಬಿಚ್ಚುವಾಗ ಮೊದಲು ತೂಕ ಇಳಿಸಬೇಕು, ಆಮೇಲೆ ಪರದೆ. ಹೊಸ ಹುಡುಗ ನೇರ ಪರದೆಯ ಗಂಟಿಗೆ ಕೈ ಹಾಕಿದ. ಪರದೆ ಬಿಚ್ಚಿದ್ದರೆ ತೂಕವೆಲ್ಲ ಧಡಾರನೆ ಕೆಳಗೆ, ಪೈಪು ಮೇಲಕ್ಕೆ. ನಮ್ಮ ತಂಡದ ಹಿರಿಯರೊಬ್ಬರು ಕೂಗಿದ ಕೂಗಿಗೆ ನನ್ನ ಎದೆ ಝಲ್ಲೆಂದಿತು. ಹುಡುಗ ನಡುಗುತ್ತಾ ನಿಂತಿದ್ದ. ಪಾಪ, ಅವನದೇನು ತಪ್ಪು? ಪಕ್ಕದಲ್ಲಿ ನಿಂತು ಕಲಿಸಬೇಕಾದವರೇ ಇಲ್ಲ. ಆ ಹಿರಿಯರೂ ಬರುವ ವರ್ಷ ನಿವೃತ್ತಿ. ಪೇಪರಿನಲ್ಲಿ ಜಾಹೀರಾತು ಕೊಟ್ಟರೆ ಅಂಥ ಕೈ ಸಿಗುತ್ತದೆಯೇ?

ನಾನು ಸೇರಿದ ಮೊದಲ ದಿನ ಅವರು ನನ್ನ ಗಂಟು ಮುಟ್ಟಿ ನೋಡಿ, ಯಾರು ಕಲಿಸಿದರು ಅಂತ ಕೇಳಿದ್ದರು. ಅಪ್ಪ ಅಂದೆ. ಜಾತ್ರೆಯ ಟೆಂಟಿನಲ್ಲಿ ನಿಮ್ಮ ಕಾಲ ಬಳಿ ಕೂತು ಕಲಿತದ್ದಲ್ವಾ.

ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಹೋಗುವಾಗ ಅಣ್ಣನ ಮಗ ಮಂಜುನನ್ನೂ ಕರೆದುಕೊಂಡು ಹೋಗಿ. ಸುಮ್ನೆ ಮುಂದಿನ ಕುರ್ಚಿಯಲ್ಲಿ ಕೂರಿಸಬೇಡಿ, ಪರದೆ ಹಿಂದೆ ನಿಲ್ಲಿಸಿ. ಮತ್ತೆ, ಸುತ್ತುವ ಪರದೆ ಸೊಟ್ಟಗೆ ಏರದ ಹಾಗೆ ನೀವು ಹಗ್ಗಕ್ಕೆ ಸುಣ್ಣದ ಗುರುತು ಎಲ್ಲಿ ಹಾಕುತ್ತಿದ್ದಿರಿ? ಭಾನುವಾರ ವಿಡಿಯೋ ಕಾಲ್ ಮಾಡುತ್ತೇನೆ, ತೋರಿಸಿ. ಆ ಹೊಸ ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿರುತ್ತೇನೆ.

ನಿಮ್ಮ ಮಗಳು,
ಶಾರದಾ