ಮಗಳಿಗೆ, ಮೆಟ್ಟಿಲಿನ ಬಗ್ಗೆ

ಮಗಳೆ,

ಸ್ಕೂಟಿ ಕೀಲಿ ಕೊಡಲಿಲ್ಲ ಅಂತ ಮುನಿಸಿಕೊಂಡೇ ದಾವಣಗೆರೆ ಬಸ್ಸು ಹತ್ತಿದೆ. ಎರಡೆರಡು ಕಾಣುವುದು ನಿಲ್ಲುವವರೆಗೂ ಕೀಲಿ ಇಲ್ಲೇ ಚಿತ್ರದುರ್ಗದಲ್ಲೇ ಇರುತ್ತೆ. ಆ ಮಾತು ಬದಲಾಗಲ್ಲ.

ಆದರೆ ದಿನವೂ "ಕತ್ತು ನೆಟ್ಟಗಿಡು" ಅಂತ ಗದರಿದ್ದು ನನ್ನದೇ ತಪ್ಪು. ನಿನಗೆ ಪೆಟ್ಟಾಗಿರುವುದು ಬಲಗಣ್ಣಿನ ಒಂದು ಸ್ನಾಯುವನ್ನು ನಡೆಸುವ ನಾಲ್ಕನೇ ತಲೆನರಕ್ಕೆ (ತಲೆನರ ಅಂದರೆ ಮಿದುಳಿನಿಂದ ನೇರ ಹೊರಡುವ ನರ). ಮಿದುಳುಕಾಂಡದ ಹಿಂಬದಿಯಿಂದ ಹೊರಡುವ ತಲೆನರ ಇದೊಂದೇ. ಬಲು ತೆಳು, ತಲೆಬುರುಡೆಯೊಳಗೆ ಸುತ್ತಿ ಬರುವ ದಾರಿಯೂ ಉದ್ದ. ಅದಕ್ಕೇ ಸ್ಕ್ಯಾನ್ ಚೆನ್ನಾಗಿದ್ದರೂ ಇದು ನೊಂದಿರಬಹುದು. ನರ ಸೋತಾಗ ಕಣ್ಣು ತುಸು ಮೇಲೇರಿ ಹೊರಳುತ್ತೆ; ತಲೆಯನ್ನು ಎಡಭುಜದತ್ತ ವಾಲಿಸಿದರೆ ಎರಡೂ ಬಿಂಬ ಒಂದಾಗುತ್ತವೆ. ಯಾರೂ ಹೇಳಿಕೊಡದೆ ಅದನ್ನು ನೀನೇ ಕಂಡುಕೊಂಡೆ. ನನಗೆ ಹೆಮ್ಮೆ ಆಗಬೇಕಿತ್ತು, ಗದರಿಬಿಟ್ಟೆ.

ನನ್ನ ಭಯವೆಲ್ಲ ಮೆಟ್ಟಿಲಿನದು. ಕಣ್ಣನ್ನು ಒಳಮುಖವಾಗಿ ಹೊರಳಿಸುವುದರ ಜೊತೆಗೆ ಕೆಳಗಿಳಿಸುವುದೂ ಆ ನರ ನಡೆಸುವ ಸ್ನಾಯುವಿನ ಕೆಲಸ, ಹಾಗಾಗಿ ಕೆಳಗೆ ನೋಡಿದಾಗಲೇ ಕಾಟ ಹೆಚ್ಚು. ಒಂದು ಮೆಟ್ಟಿಲಿನ ಮೇಲೆ ಇನ್ನೊಂದು ಕಾಣುತ್ತೆ, ಇಲ್ಲದ ಮೆಟ್ಟಿಲನ್ನು ಕಾಲು ತುಳಿಯುತ್ತೆ. ಇಳಿಯುವಾಗ ಕಣ್ಣಿಳಿಸಬೇಡ, ಗದ್ದವನ್ನೇ ಎದೆಯತ್ತ ತಗ್ಗಿಸು. ಕಂಬಿ ಬಿಡಬೇಡ. ಒಂದು ಕಣ್ಣು ಮುಚ್ಚಿಕೊಂಡರೆ ಬಿಂಬ ಒಂದಾಗುತ್ತೆ, ಆದರೆ ಆಳದ ಅಂದಾಜು ತಪ್ಪುತ್ತೆ. ಮೆಟ್ಟಿಲಲ್ಲಿ ಅದೂ ಅಪಾಯವೇ. ರಜೆಗೆ ಬಂದಾಗ ಗೆಳತಿಯರು ಕೋಟೆಗೆ ಕರೆದರೆ ಬೇಡ ಅನ್ನು. ಓಬವ್ವನ ಕಿಂಡಿಯ ಕಡೆಯ ಇಳಿಜಾರು ಎಲ್ಲೂ ಹೋಗಲ್ಲ.

ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಬೇಡ, ಕಣ್ಣಿನ ಮಟ್ಟಕ್ಕೆ ಎತ್ತಿ ನಿಲ್ಲಿಸು. ಕನ್ನಡಕದ ಒಂದು ಗಾಜಿಗೆ ಮಸುಕು ಟೇಪ್ ಅಂಟಿಸಿಕೊಂಡು ಓದಬಹುದು, ಅದರಿಂದ ಕಣ್ಣಿಗೆ ಕೇಡಿಲ್ಲ. ಕನ್ನಡಕಕ್ಕೆ ಅಂಟಿಸುವ, ಬೆಳಕನ್ನು ಬಾಗಿಸುವ ಪ್ರಿಸಂ ಹಾಳೆ ಕೊಟ್ಟರೆ ಹಾಕಿಕೋ. ತುಸು ಮಬ್ಬಾಗುತ್ತೆ, ಮೇಲೆ ಕೆಳಗಿನ ಅಂತರ ಕೂಡಿಸುತ್ತೆ, ಬಿಂಬದ ಓರೆಯನ್ನು ಮಾತ್ರ ಸರಿಮಾಡಲ್ಲ. ಮೊಬೈಲಿನಲ್ಲಿ ನೋಡಿದ ಕಣ್ಣಿನ ವ್ಯಾಯಾಮದಿಂದ ನರ ಚಿಗುರಲ್ಲ. ಅದಕ್ಕೆ ಬೇಕಾದ್ದು ಕಾಲ, ತಿಂಗಳುಗಟ್ಟಲೆ. ಆರು ತಿಂಗಳಾದರೂ ಕಾದು, ಕಣ್ಣು ಎಷ್ಟು ಓರೆಯಾಗಿದೆ ಅನ್ನುವ ಅಳತೆ ಒಂದೇ ಕಡೆ ನಿಂತ ಮೇಲೆಯೇ ಆಪರೇಷನ್ ಮಾತು. ಹಾಗಾಗಿ ತಪಾಸಣೆ ತಪ್ಪಿಸಬೇಡ, ಪರೀಕ್ಷೆ ಇದ್ದರೂ ಸರಿ.

ರೆಪ್ಪೆ ಜೋತುಬಿದ್ದರೆ, ಒಂದು ಪಾಪೆ ದೊಡ್ಡದಾದರೆ, ತಲೆನೋವು ಏರುತ್ತಾ ವಾಂತಿಯೋ ಮಂಪರೋ ಬಂದರೆ, ಬೆಳಗಾಗಲಿ ಅಂತ ಕಾಯಬೇಡ. ಕೋಣೆಯವರನ್ನು ಎಬ್ಬಿಸಿ ತುರ್ತು ವಿಭಾಗಕ್ಕೆ ಹೋಗು, ನನಗೆ ಆಮೇಲೆ ಫೋನ್ ಮಾಡು.

ಮತ್ತೆ ಉಪದೇಶವೇ ಆಯಿತು. ಕೆಳಮಹಡಿಯ ಕೋಣೆ ಕೊಡಿ ಅಂತ ವಾರ್ಡನ್‌ ಹತ್ತಿರ ಕೇಳಿದೆಯಾ? ಇಲ್ಲ ಅಂದರೆ ನಿನ್ನ ಕೋಣೆಯಿಂದ ಊಟದ ಮನೆಗೆ ಎಷ್ಟು ಮೆಟ್ಟಿಲು, ಕಂಬಿ ಯಾವ ಕಡೆಗಿದೆ, ಅಷ್ಟು ಬರೆ.

ಅಪ್ಪ